ವರ್ಷ ಎಣಿಸಬೇಡಿ, ಸರ್ವಿಸ್ ಎಣಿಸಿ

ಅಕ್ಕಂದಿರೇ, ಈ ಪಾಠದಲ್ಲಿ ರಂಗಮ್ಮನ ಕತೆ ಇದೆ. ಇಲ್ಲಿನ ಹೆಸರುಗಳು, ಹಣದ ಲೆಕ್ಕ ಕಲಿಯುವುದಕ್ಕಾಗಿ ಕಟ್ಟಿದವು. ಕೊನೆಯಲ್ಲಿ ಬರುವ ಕಾನೂನಿನ ಮಾತು ಮಾತ್ರ ನಿಜವಾದದ್ದು. ಮೊದಲು ಕತೆ ಓದಿ. ಆಮೇಲೆ ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ.

ಕಾರು ಬಂತು

ಶಿರಾ ಹತ್ತಿರ ಒಂದು ಹಳ್ಳಿ. ಅಲ್ಲಿ ರಂಗಮ್ಮ ಇದ್ದಾರೆ. ಎರಡು ಹಸು ಸಾಕಿದ್ದಾರೆ. ಡೇರಿಗೆ ಹಾಲು ಹಾಕುತ್ತಾರೆ. ಮಹಿಳಾ ಸಂಘದ ಸದಸ್ಯೆ. ಸಂಜೆ ಸಾಕ್ಷರತಾ ಕೇಂದ್ರಕ್ಕೆ ಬರುತ್ತಾರೆ. ಹೋದ ವರ್ಷದವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಸಹಿ ಮಾಡುತ್ತಾರೆ.

ರಂಗಮ್ಮನ ಮಗ ಮಂಜ. ಅವನಿಗೆ ಡ್ರೈವಿಂಗ್ ಬರುತ್ತದೆ. ಬೇರೆಯವರ ಗಾಡಿ ಓಡಿಸಿ ಸಾಕಾಗಿತ್ತು. ತಾಯಿ, ಮಗ ಸೇರಿ ಒಂದು ಬಾಡಿಗೆ ಕಾರು ಕೊಳ್ಳಲು ಮನಸ್ಸು ಮಾಡಿದರು. ಸಂಘದಿಂದ ಸ್ವಲ್ಪ ಸಾಲ ಸಿಕ್ಕಿತು. ಉಳಿದದ್ದನ್ನು ಬ್ಯಾಂಕು ಕೊಟ್ಟಿತು. ಸಾಲ ರಂಗಮ್ಮನ ಹೆಸರಿನಲ್ಲಿ ಆಯಿತು. ತಿಂಗಳಿಗೆ 10,000 ರೂಪಾಯಿ ಕಂತು.

ಎಲ್ಲ ಖರ್ಚು ಕಳೆದು ರಂಗಮ್ಮನ ಕೈಯಲ್ಲಿ ಉಳಿದದ್ದು 20,000 ರೂಪಾಯಿ. ಅದು ಎರಡು ತಿಂಗಳ ಕಂತಿನ ದುಡ್ಡು. ಮೊದಲೆರಡು ತಿಂಗಳು ಬಾಡಿಗೆ ಸರಿಯಾಗಿ ಸಿಗದಿದ್ದರೂ ಸಾಲ ತಪ್ಪಬಾರದು. ಅದಕ್ಕೇ ಆ ದುಡ್ಡನ್ನು ಯಾರೂ ಮುಟ್ಟಬಾರದು ಎಂದು ರಂಗಮ್ಮ ಹೇಳಿದ್ದರು.

ಕಾರು ತರಲು ಇಬ್ಬರೂ ತುಮಕೂರಿನ ಒಂದು ಶೋರೂಂಗೆ ಹೋದರು. ಅಲ್ಲಿ ಒಬ್ಬ ಹುಡುಗ ನಗುನಗುತ್ತಾ ಬಂದ. ಕುರ್ಚಿ ಹಾಕಿದ. ಟೀ ತರಿಸಿದ. ಹಲವು ಕಾಗದಗಳನ್ನು ಮೇಜಿನ ಮೇಲೆ ಇಟ್ಟ.

“ಅಮ್ಮಾ, ಇಲ್ಲೊಂದು ಸಹಿ ಹಾಕಿ. ಇಲ್ಲೊಂದು. ಇಲ್ಲೊಂದು.”

ರಂಗಮ್ಮ ಪೆನ್ನು ಹಿಡಿದರು. ಮೂರನೇ ಕಾಗದದಲ್ಲಿ 18,000 ಎಂಬ ಅಂಕಿ ಕಾಣಿಸಿತು. ಪೆನ್ನು ನಿಂತಿತು.

“ಇದು ಯಾವ ದುಡ್ಡಪ್ಪಾ?”

“ಇದು ಸರ್ವಿಸ್ ಪ್ಯಾಕೇಜ್ ಅಮ್ಮಾ. ಈಗಲೇ 18,000 ಕಟ್ಟಿಬಿಟ್ರೆ ಮೂರು ವರ್ಷ ಚಿಂತೇನೇ ಇಲ್ಲ. ಆಯಿಲ್ ನಮ್ದು, ಫಿಲ್ಟರ್ ನಮ್ದು, ಕೂಲಿ ನಮ್ದು. ಲೆಕ್ಕ ಹಾಕಿದ್ರೆ ತಿಂಗಳಿಗೆ ಬರೀ 500 ರೂಪಾಯಿ ಬೀಳುತ್ತೆ.”

ಮಂಜನಿಗೆ ಆಸೆಯಾಯಿತು. “ಒಳ್ಳೇದೇ ಅಲ್ವೇನವ್ವಾ? ಮೂರು ವರ್ಷ ನಿಶ್ಚಿಂತೆ” ಎಂದ.

“ಕೈಯಲ್ಲಿ ಅಷ್ಟು ದುಡ್ಡಿಲ್ಲ ಕಣಪ್ಪಾ” ಎಂದರು ರಂಗಮ್ಮ.

“ಪರವಾಗಿಲ್ಲ ಅಮ್ಮಾ. ಸಾಲಕ್ಕೇ ಸೇರಿಸಿಬಿಡೋಣ. ಕಂತಿನಲ್ಲಿ ಗೊತ್ತೇ ಆಗಲ್ಲ. ಆದ್ರೆ ಇವತ್ತೇ ಹೇಳ್ಬೇಕು. ನಾಳೆ ಈ ರೇಟ್ ಇರಲ್ಲ. ಪ್ಯಾಕೇಜ್ ಇಲ್ದಿದ್ರೆ ಆಮೇಲೆ ವಾರಂಟಿಗೂ ತೊಂದ್ರೆ ಆಗ್ಬಹುದು.”

ರಂಗಮ್ಮ ಒಂದು ಕ್ಷಣ ಯೋಚಿಸಿದರು. ಸಂತೆಯಲ್ಲಿ ಹಸು ಕೊಳ್ಳುವಾಗಲೂ ಹೀಗೇ ಅವಸರ ಮಾಡುವವರಿದ್ದಾರೆ. ಅವಸರ ಮಾಡಿದವನ ಹಸುವಿನ ಹಲ್ಲನ್ನು ಎರಡು ಸಲ ನೋಡಬೇಕು.

“ಕಾರಿನ ಕಾಗದಕ್ಕೆ ಸಹಿ ಹಾಕ್ತೀನಿ. ಇದಕ್ಕೆ ಈಗ ಹಾಕಲ್ಲ. ಈ ಹಾಳೆ ನನಗೊಂದು ಕೊಡಪ್ಪಾ. ಮನೇಲಿ ಓದಿ ಹೇಳ್ತೀನಿ” ಎಂದರು.

ಹುಡುಗ ಸುಮ್ಮನಾದ. ಹಾಳೆ ಕೊಟ್ಟ.

ಅಂಕಿಗಳ ನಡುವೆ ಏನಿತ್ತು?

ರಾತ್ರಿ ಊಟವಾಯಿತು. ರಂಗಮ್ಮ ದೀಪದ ಕೆಳಗೆ ಹಾಳೆ ಬಿಡಿಸಿದರು. ಹಾಳೆ ಇಂಗ್ಲಿಷಿನಲ್ಲಿತ್ತು. ಅಕ್ಷರ ಗೊತ್ತಾಗಲಿಲ್ಲ. ಆದರೆ ಅಂಕಿ ಗೊತ್ತಾಯಿತು. 18,000 ಇತ್ತು. 3 ಇತ್ತು. ಅದರ ಪಕ್ಕದಲ್ಲಿ 30,000 ಇತ್ತು.

18,000 ಬೆಲೆ. 3 ಅಂದರೆ ಮೂರು ವರ್ಷ. ಹಾಗಾದರೆ ಈ 30,000 ಯಾವುದು? ಹುಡುಗ ಅದನ್ನು ಹೇಳಲೇ ಇಲ್ಲವಲ್ಲ!

ಮರುದಿನ ಸಂಜೆ ಹಾಳೆಯನ್ನು ಕೇಂದ್ರಕ್ಕೆ ತಂದರು. ಬೋಧಕಿ ಸುಮಾ ಓದಿ ಕನ್ನಡದಲ್ಲಿ ಹೇಳಿದರು.

“ರಂಗಕ್ಕಾ, ಇಲ್ಲಿ ಹೀಗಿದೆ. 3 ವರ್ಷ ಅಥವಾ 30,000 ಕಿಲೋಮೀಟರ್. ಯಾವುದು ಮೊದಲು ಆಗುತ್ತದೋ ಅಲ್ಲಿಗೆ ಮುಗಿಯಿತು.”

“ಹಂಗಂದ್ರೆ?”

“ಅಂದ್ರೆ ಮೂರು ವರ್ಷ ತುಂಬೋದರೊಳಗೆ ಕಾರು 30,000 ಕಿಲೋಮೀಟರ್ ಓಡಿಬಿಟ್ರೆ, ಪ್ಯಾಕೇಜ್ ಅವತ್ತೇ ಮುಗೀತು.”

ಮಂಜ ಪಕ್ಕದಲ್ಲೇ ಇದ್ದ. ಸುಮಾ ಅವನನ್ನು ಕೇಳಿದರು, “ದಿನಕ್ಕೆ ಎಷ್ಟು ಓಡಿಸ್ತೀಯಪ್ಪಾ?”

“ಕಡಿಮೆ ಅಂದ್ರೂ 100 ಕಿಲೋಮೀಟರ್ ಆಗುತ್ತಕ್ಕಾ. ತಿಂಗಳಿಗೆ 25 ದಿನ.”

ಸುಮಾ ಹಲಗೆಯ ಮೇಲೆ ಬರೆದರು. ಎಲ್ಲರೂ ಸೇರಿ ಲೆಕ್ಕ ಮಾಡಿದರು.

ಒಂದು ದಿನಕ್ಕೆ 100 ಕಿಲೋಮೀಟರ್.
ಒಂದು ತಿಂಗಳಿಗೆ 100 × 25 = 2,500 ಕಿಲೋಮೀಟರ್.
ಒಂದು ವರ್ಷಕ್ಕೆ 2,500 × 12 = 30,000 ಕಿಲೋಮೀಟರ್.

ಮನೆಯೆಲ್ಲ ಸದ್ದಡಗಿತು. ಮೂರು ವರ್ಷದ ಪ್ಯಾಕೇಜ್ ಒಂದೇ ವರ್ಷಕ್ಕೆ ಮುಗಿಯುತ್ತದೆ!

“ಹಾಗಾದ್ರೆ ತಿಂಗಳಿಗೆ 500 ಅಂದಿದ್ದು?” ಎಂದು ಪಕ್ಕದ ಮನೆಯ ಪುಟ್ಟಮ್ಮ ಕೇಳಿದರು.

18,000 ರೂಪಾಯಿಯನ್ನು 36 ತಿಂಗಳಿಗೆ ಹಂಚಿದರೆ 500. ಆದರೆ ಇಲ್ಲಿ 12 ತಿಂಗಳಿಗೇ ಮುಗಿಯುತ್ತದೆ. 18,000 ÷ 12 = 1,500. ತಿಂಗಳಿಗೆ 500 ಅಲ್ಲ, 1,500 ರೂಪಾಯಿ ಬಿದ್ದಂತಾಯಿತು.

ಹುಡುಗ ಸುಳ್ಳು ಹೇಳಲಿಲ್ಲ. ಹಾಳೆಯಲ್ಲಿ 30,000 ಎಂದು ಬರೆದೇ ಇತ್ತು. ಆದರೆ ಅವನು ಬಾಯಿಯಲ್ಲಿ ಹೇಳಿದ್ದು ಅರ್ಧ ಮಾತ್ರ. ಉಳಿದ ಅರ್ಧ ಕಾಗದದಲ್ಲಿತ್ತು.

ಸರ್ವಿಸ್‌ಗೆ ನಿಜವಾಗಿ ಎಷ್ಟು ಖರ್ಚು?

“ಮುಗಿಯೋದು ಯಾವಾಗ ಅಂತ ಗೊತ್ತಾಯಿತು. ಅಷ್ಟರಲ್ಲಿ ಎಷ್ಟು ಸರ್ವಿಸ್ ಬರುತ್ತೆ? ಅದಕ್ಕೆ ನಾವೇ ದುಡ್ಡು ಕೊಟ್ರೆ ಎಷ್ಟಾಗುತ್ತೆ? ಅದನ್ನೂ ನೋಡೋಣ” ಎಂದರು ಸುಮಾ.

ಕಾರಿನ ಜೊತೆ ಒಂದು ಪುಸ್ತಕ ಕೊಟ್ಟಿರುತ್ತಾರೆ. ಯಾವ ಸರ್ವಿಸ್ ಯಾವಾಗ ಎಂದು ಅದರಲ್ಲಿ ಪಟ್ಟಿ ಇರುತ್ತದೆ. ನಮ್ಮ ದೇಶದಲ್ಲಿ ಹೊಸ ಕಾರಿಗೆ ಸಾಮಾನ್ಯವಾಗಿ ಮೊದಲ ಕೆಲವು ಸರ್ವಿಸ್‌ಗಳ ಕೂಲಿ ಪುಕ್ಕಟೆ. ಆಯಿಲ್, ಫಿಲ್ಟರ್ ಹಾಕಿದರೆ ಅದರ ದುಡ್ಡು ಮಾತ್ರ ಕೊಡಬೇಕು. ರಂಗಮ್ಮನ ಕಾರಿಗೆ ಮೊದಲ ಮೂರು ಸರ್ವಿಸ್‌ಗಳ ಕೂಲಿ ಪುಕ್ಕಟೆ ಇತ್ತು. ಪ್ಯಾಕೇಜ್ ಕೊಂಡರೂ ಪುಕ್ಕಟೆ. ಕೊಳ್ಳದಿದ್ದರೂ ಪುಕ್ಕಟೆ.

ಪಕ್ಕದ ಊರಿನಲ್ಲಿ ಇನ್ನೊಬ್ಬ ಡ್ರೈವರ್ ಇದ್ದಾನೆ. ಅದೇ ಕಾರು ಓಡಿಸುತ್ತಾನೆ. ಮಂಜ ಅವನ ಹತ್ತಿರ ಹೋಗಿ ಹಳೆಯ ಬಿಲ್ಲುಗಳನ್ನು ನೋಡಿ ಬಂದ. ವರ್ಕ್‌ಶಾಪಿಗೂ ಫೋನ್ ಮಾಡಿ ಈಗಿನ ರೇಟ್ ಕೇಳಿದ. ಆಗ ಈ ಪಟ್ಟಿ ತಯಾರಾಯಿತು.

1,000 ಕಿ.ಮೀ.: ಬರೀ ತಪಾಸಣೆ. ಖರ್ಚು ಇಲ್ಲ.
5,000 ಕಿ.ಮೀ.: ತಪಾಸಣೆ. ಖರ್ಚು ಇಲ್ಲ.
10,000 ಕಿ.ಮೀ.: ಕೂಲಿ ಪುಕ್ಕಟೆ. ಆಯಿಲ್, ಫಿಲ್ಟರ್‌ಗೆ 2,500 ರೂಪಾಯಿ.
20,000 ಕಿ.ಮೀ.: ಆಯಿಲ್, ಫಿಲ್ಟರ್, ಕೂಲಿ ಸೇರಿ 4,500 ರೂಪಾಯಿ.
30,000 ಕಿ.ಮೀ.: ಆಯಿಲ್, ಫಿಲ್ಟರ್, ಕೂಲಿ ಸೇರಿ 5,000 ರೂಪಾಯಿ.
ಒಟ್ಟು: 12,000 ರೂಪಾಯಿ.

ಪ್ಯಾಕೇಜಿನ ಬೆಲೆ 18,000. ನಾವೇ ಕೊಟ್ಟರೆ 12,000. ವ್ಯತ್ಯಾಸ 6,000 ರೂಪಾಯಿ.

“ಆರು ಸಾವಿರ! ನಮ್ಮ ಹಸು ಎಷ್ಟು ದಿನ ಹಾಲು ಕೊಡಬೇಕು?” ಎಂದರು ರಂಗಮ್ಮ.

ಸಾಲಕ್ಕೆ ಸೇರಿಸಿದರೆ ಏನಾಗುತ್ತಿತ್ತು?

18,000 ರೂಪಾಯಿಯನ್ನು ಸಾಲಕ್ಕೆ ಸೇರಿಸಿದರು ಎಂದುಕೊಳ್ಳಿ. ಸಾಲ 5 ವರ್ಷದ್ದು. ಬಡ್ಡಿ ವರ್ಷಕ್ಕೆ ಶೇಕಡಾ 10. ಆಗ ಕಂತು ತಿಂಗಳಿಗೆ ಸುಮಾರು 382 ರೂಪಾಯಿ ಹೆಚ್ಚುತ್ತದೆ. 60 ತಿಂಗಳು ಕಟ್ಟಬೇಕು. 382 × 60 = 22,920 ರೂಪಾಯಿ.

12,000ದ ಕೆಲಸಕ್ಕೆ ಸುಮಾರು 23,000 ಕೊಟ್ಟಂತಾಯಿತು. ಪ್ಯಾಕೇಜ್ ಒಂದು ವರ್ಷಕ್ಕೆ ಮುಗಿಯುತ್ತದೆ. ಅದರ ಸಾಲ ಐದು ವರ್ಷ ನಡೆಯುತ್ತದೆ. “ಕಂತಿನಲ್ಲಿ ಗೊತ್ತೇ ಆಗಲ್ಲ” ಎಂದರೆ ಇದೇ. ಗೊತ್ತಾಗದ ದುಡ್ಡೇ ಹೆಚ್ಚು ಹೋಗುತ್ತದೆ.

ಹಾಗಾದರೆ ಪ್ಯಾಕೇಜ್ ಮೋಸವೇ?

“ಇಂಥ ಪ್ಯಾಕೇಜ್ ಯಾರೂ ತಗೋಬಾರದಾ?” ಎಂದು ಪುಟ್ಟಮ್ಮ ಕೇಳಿದರು.

“ಹಂಗೇನಿಲ್ಲ ಪುಟ್ಟಕ್ಕಾ” ಎಂದರು ಸುಮಾ. “ನನ್ನ ಚಿಕ್ಕಮ್ಮ ಆಸ್ಪತ್ರೇಲಿ ನರ್ಸ್. ದಿನಕ್ಕೆ 20 ಕಿಲೋಮೀಟರ್ ಅಷ್ಟೇ ಕಾರು ಓಡ್ಸೋದು. ಅವರಿಗೆ ಹಬ್ಬದ ಟೈಮಲ್ಲಿ 10,000ಕ್ಕೆ ಪ್ಯಾಕೇಜ್ ಸಿಕ್ತು. ವರ್ಷಕ್ಕೊಂದು ಸರ್ವಿಸ್. ಮೂರು ವರ್ಷದಲ್ಲಿ 12,000 ರೂಪಾಯಿ ಕೆಲಸ. 2,000 ಉಳೀತು. ನಡುವೆ ಆಯಿಲ್ ರೇಟ್ ಏರಿದ್ರೂ ಅವರಿಗೆ ಏರ್ಲಿಲ್ಲ. ಅವರು ತಗೊಂಡಿದ್ದು ಸರಿ.”

ನೋಡಿ, ಪ್ಯಾಕೇಜ್ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬೆಲೆ ಎಷ್ಟು, ಅದಕ್ಕೆ ಎಷ್ಟು ಸರ್ವಿಸ್ ಸಿಗುತ್ತದೆ, ಇದನ್ನು ನೋಡಬೇಕು. ರಂಗಮ್ಮನಿಗೂ ಅದೇ ಪ್ಯಾಕೇಜ್ 10,000ಕ್ಕೆ ಸಿಕ್ಕಿದ್ದರೆ 2,000 ಉಳಿಯುತ್ತಿತ್ತು. ಆಗ ಇನ್ನೊಂದು ಪ್ರಶ್ನೆ ಉಳಿಯುತ್ತಿತ್ತು. ಅಷ್ಟು ದುಡ್ಡು ಈಗಲೇ ಕೊಟ್ಟರೆ ಕಂತಿಗೆ ಏನು ಮಾಡುವುದು?

ಅದಕ್ಕೇ ವರ್ಷ ಎಣಿಸಬೇಡಿ. ಸರ್ವಿಸ್ ಎಣಿಸಿ.

ನಾಲ್ಕು ಹೆಸರು, ನಾಲ್ಕು ಕೆಲಸ

ಶೋರೂಂನಲ್ಲಿ ಹಲವು ಹೆಸರು ಹೇಳುತ್ತಾರೆ. ಒಂದಕ್ಕೊಂದು ಬೆರೆಸಿಕೊಳ್ಳಬೇಡಿ.

ವಾರಂಟಿ: ಕಾರು ತಯಾರಿಸುವಾಗಲೇ ದೋಷ ಇದ್ದರೆ ಕಂಪನಿ ಸರಿ ಮಾಡಿಕೊಡುತ್ತದೆ. ಇದು ಕಾರಿನ ಜೊತೆಗೇ ಬರುತ್ತದೆ. ಇದು ಉಳಿಯಬೇಕಾದರೆ ಪುಸ್ತಕದಲ್ಲಿ ಹೇಳಿದ ಹೊತ್ತಿಗೆ, ಹೇಳಿದ ರೀತಿಯಲ್ಲಿ ಸರ್ವಿಸ್ ಮಾಡಿಸಬೇಕು. ಬಿಲ್ಲು ಇಟ್ಟುಕೊಳ್ಳಬೇಕು. ಸರ್ವಿಸ್‌ಗೆ ಮುಂಗಡ ಕಟ್ಟಿದ್ದೀರೋ, ಆಗಾಗ ಕೊಟ್ಟಿದ್ದೀರೋ ಎಂಬುದು ಬೇರೆ ಮಾತು. ಯಾರಾದರೂ “ವಾರಂಟಿ ಹೋಗುತ್ತೆ” ಎಂದರೆ, “ಪುಸ್ತಕದಲ್ಲಿ ಎಲ್ಲಿ ಬರೆದಿದೆ, ತೋರಿಸಿ” ಎಂದು ಕೇಳಿ.

ಹೆಚ್ಚುವರಿ ವಾರಂಟಿ: ವಾರಂಟಿ ಮುಗಿದ ಮೇಲೆ ಇನ್ನಷ್ಟು ಕಾಲಕ್ಕೆ ದುಡ್ಡು ಕೊಟ್ಟು ಕೊಳ್ಳುವುದು. ಇದು ರಿಪೇರಿಗೆ. ಆಯಿಲ್ ಬದಲಾಯಿಸುವುದಕ್ಕಲ್ಲ.

ವಿಮೆ: ಅಪಘಾತ ಆದರೆ ಇದು ಬರುತ್ತದೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ವಿಮೆ ಮಾಡಿಸಲೇಬೇಕು. 1988ರ ಮೋಟಾರು ವಾಹನ ಕಾಯ್ದೆ ಹಾಗೆ ಹೇಳುತ್ತದೆ. ಇದನ್ನು ಬಿಡುವ ಹಾಗಿಲ್ಲ.

ಸರ್ವಿಸ್ ಪ್ಯಾಕೇಜ್: ಆಯಿಲ್, ಫಿಲ್ಟರ್, ಕೂಲಿಗೆ ಮೊದಲೇ ದುಡ್ಡು ಕಟ್ಟುವುದು. ಇದು ಕಡ್ಡಾಯ ಅಲ್ಲ. ಬೇಕಾದರೆ ಉಂಟು, ಬೇಡವಾದರೆ ಇಲ್ಲ.

ಸಹಿ ಹಾಕುವ ಮೊದಲು ಕೇಳಿ

ರಂಗಮ್ಮ ಮತ್ತು ಸಂಘದವರು ಸೇರಿ ಈ ಪ್ರಶ್ನೆಗಳನ್ನು ಬರೆದರು. ನೀವೂ ಬರೆದುಕೊಳ್ಳಿ.

1. ಎಷ್ಟು ವರ್ಷ? ಎಷ್ಟು ಕಿಲೋಮೀಟರ್? ಯಾವುದು ಮೊದಲು ಮುಗಿಯುತ್ತದೆ?
2. ಅಷ್ಟರಲ್ಲಿ ಎಷ್ಟು ಸರ್ವಿಸ್? ಅದರಲ್ಲಿ ಮೊದಲೇ ಪುಕ್ಕಟೆ ಇರುವವು ಎಷ್ಟು?
3. ಯಾವುದು ಸೇರಿದೆ? ಯಾವುದು ಸೇರಿಲ್ಲ? ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಕ್ಲಚ್, ವೈಪರ್ ಸೇರಿವೆಯೇ? (ಬಾಡಿಗೆ ಗಾಡಿಯಲ್ಲಿ ಬೇಗ ಸವೆಯುವುದು ಇವೇ.)
4. ಹೇಳಿದ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೇ?
5. ಪ್ಯಾಕೇಜ್ ಕೊಡುವವರು ಯಾರು? ಕಾರಿನ ಕಂಪನಿಯೋ, ಈ ಅಂಗಡಿಯವರೋ? ಬೇರೆ ಊರಿನ ವರ್ಕ್‌ಶಾಪಿನಲ್ಲೂ ನಡೆಯುತ್ತದೆಯೇ? ಅಂಗಡಿ ಮುಚ್ಚಿದರೆ ನಮ್ಮ ದುಡ್ಡು ಯಾರು ಕೊಡುತ್ತಾರೆ?
6. ಸರ್ವಿಸ್ ತಾರೀಕು ತಪ್ಪಿದರೆ ಆ ಸರ್ವಿಸ್ ಹೋಯಿತೇ?
7. ಕಾರು ಮಾರಿದರೆ ಅಥವಾ ಪ್ಯಾಕೇಜ್ ಬೇಡ ಎಂದರೆ ಉಳಿದ ದುಡ್ಡು ವಾಪಸ್ಸು ಬರುತ್ತದೆಯೇ?

ಬಾಯಿಮಾತಿನ ಉತ್ತರ ಸಾಲದು. “ಬರೆದು, ಸೀಲು ಹಾಕಿ ಕೊಡಿ” ಎನ್ನಿ. ಓದಲು ಬಾರದ ಭಾಷೆಯಲ್ಲಿದ್ದರೆ ನಾಚಿಕೆ ಬೇಡ. ಹಾಳೆ ಮನೆಗೆ ತನ್ನಿ. ಗೊತ್ತಿರುವವರಿಂದ ಓದಿಸಿ. ಖಾಲಿ ಜಾಗ ಇರುವ ಕಾಗದಕ್ಕೆ ಎಂದೂ ಸಹಿ ಹಾಕಬೇಡಿ.

ದಿನಕ್ಕೆ ನಲವತ್ತು ರೂಪಾಯಿ

ರಂಗಮ್ಮ ಪ್ಯಾಕೇಜ್ ತೆಗೆದುಕೊಳ್ಳಲಿಲ್ಲ. ಆದರೆ ಸರ್ವಿಸ್ ಬಿಡಲಿಲ್ಲ. ಪ್ಯಾಕೇಜ್ ಬೇಡ ಎಂದವರು ಸರ್ವಿಸ್‌ಗೆ ದುಡ್ಡು ಎತ್ತಿಡದಿದ್ದರೆ ಅದೂ ತಪ್ಪೇ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸದಿದ್ದರೆ ಎಂಜಿನ್ ಕೆಡುತ್ತದೆ. ಆಗ ಸಾವಿರದಲ್ಲಿ ಮುಗಿಯುವುದಿಲ್ಲ.

30,000 ಕಿಲೋಮೀಟರಿಗೆ 12,000 ರೂಪಾಯಿ. ಅಂದರೆ ಒಂದು ಕಿಲೋಮೀಟರಿಗೆ 40 ಪೈಸೆ. ದಿನಕ್ಕೆ 100 ಕಿಲೋಮೀಟರಿಗೆ 40 ರೂಪಾಯಿ.

ರಂಗಮ್ಮ ಒಂದು ಡಬ್ಬಿ ತಂದರು. ಅದರ ಮೇಲೆ ತಾವೇ ಬರೆದರು: ಸರ್ವಿಸ್. ದಿನಾ ಸಂಜೆ ಮಂಜ ಬಾಡಿಗೆ ದುಡ್ಡು ತಂದು ಕೊಡುತ್ತಾನೆ. ಅದರಲ್ಲಿ 40 ರೂಪಾಯಿ ಡಬ್ಬಿಗೆ. ತಿಂಗಳಿಗೆ 1,000 ರೂಪಾಯಿ ಆಗುತ್ತದೆ. ಅದನ್ನು ಸಂಘದ ಉಳಿತಾಯಕ್ಕೆ ಕಟ್ಟುತ್ತಾರೆ.

ನಾಲ್ಕನೇ ತಿಂಗಳಿಗೆ 10,000 ಕಿಲೋಮೀಟರ್ ಆಯಿತು. ಉಳಿತಾಯದಲ್ಲಿ 4,000 ಇತ್ತು. ಸರ್ವಿಸ್‌ಗೆ 2,500 ಕೊಟ್ಟರು. 1,500 ಉಳಿಯಿತು. ಎಂಟನೇ ತಿಂಗಳಿಗೆ ಅದು 5,500 ಆಗಿತ್ತು. ಎರಡನೇ ಬಿಲ್ಲು ಹೇಳಿದ್ದಕ್ಕಿಂತ 300 ಹೆಚ್ಚು ಬಂತು. ಆದರೂ ಯಾರ ಹತ್ತಿರವೂ ಕೈ ಚಾಚಬೇಕಾಗಲಿಲ್ಲ.

ಕಂತಿಗೆಂದು ಇಟ್ಟಿದ್ದ 20,000? ಎರಡನೇ ತಿಂಗಳು ಮಂಜನಿಗೆ ಜ್ವರ ಬಂತು. ಹದಿನೈದು ದಿನ ಗಾಡಿ ನಿಂತಿತು. ಆ ತಿಂಗಳ ಕಂತು ಆ ದುಡ್ಡಿನಿಂದಲೇ ಹೋಯಿತು. ಸಾಲ ತಪ್ಪಲಿಲ್ಲ. ನಿಂತ ದಿನಗಳ ಡಬ್ಬಿ ದುಡ್ಡನ್ನು ಮುಂದಿನ ತಿಂಗಳು ದೂರದ ಬಾಡಿಗೆಗಳಿಂದ ಸರಿ ಮಾಡಿದರು.

“ಅವತ್ತು ನೀನು ಸಹಿ ಹಾಕಿದ್ರೆ ಈ ತಿಂಗಳು ಏನ್ಮಾಡ್ತಿದ್ವಿ ಅವ್ವಾ?” ಎಂದ ಮಂಜ.

“ಸಹಿ ಕಲಿತಿದ್ದು ಹಾಕೋಕೆ ಮಾತ್ರ ಅಲ್ಲ ಕಣೋ. ಬೇಡ ಅನ್ನಿಸಿದಾಗ ಹಾಕದೇ ಇರೋಕೂನೂ” ಎಂದರು ರಂಗಮ್ಮ.

ಕಾನೂನು ನಮ್ಮ ಜೊತೆಗಿದೆ

ಪ್ಯಾಕೇಜ್ ಕೊಂಡ ಮೇಲೆ ಹೇಳಿದ ಸೇವೆ ಕೊಡದಿದ್ದರೆ? ಹೇಳದೆ ಕೇಳದೆ ಬಿಲ್ಲಿಗೆ ಸೇರಿಸಿದ್ದರೆ? ಸುಮ್ಮನಿರಬೇಡಿ.

ನಮಗೆ ಗ್ರಾಹಕರ ಸಂರಕ್ಷಣಾ ಕಾಯ್ದೆ ಇದೆ. ಮೊದಲು 1986ರ ಕಾಯ್ದೆ ಇತ್ತು. ಈಗ ಇರುವುದು 2019ರ ಕಾಯ್ದೆ. ಇದು ಜುಲೈ 2020ರಿಂದ ಜಾರಿಯಲ್ಲಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕಾಗಿಯೇ ವಸ್ತು ಕೊಂಡವರೂ ಗ್ರಾಹಕರೇ ಎಂದು ಅದು ಹೇಳುತ್ತದೆ.

ಮೊದಲು ಅಂಗಡಿಯವರಿಗೆ ಬರೆದು ಕೊಡಿ. ಅದರ ಪ್ರತಿ ಇಟ್ಟುಕೊಳ್ಳಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ನಂಬರ್ 1915. ಆಗಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ. ತೊಂದರೆ ಆದ 2 ವರ್ಷದೊಳಗೆ ದೂರು ಕೊಡಬೇಕು.

ವಕೀಲರು ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. 1987ರ ಕಾಯ್ದೆಯಂತೆ ಹೆಂಗಸರಿಗೆ ಅಲ್ಲಿ ಕಾನೂನು ನೆರವು ಪುಕ್ಕಟೆ. ಸಹಾಯವಾಣಿ 15100.

ಇದಕ್ಕೆಲ್ಲ ಆಧಾರ ಬೇಕು. ರಸೀದಿ, ಬಿಲ್ಲು, ಹಾಳೆ ಎಲ್ಲವನ್ನೂ ಒಂದು ಚೀಲದಲ್ಲಿ ಜೋಪಾನವಾಗಿ ಇಡಿ.

ಅಭ್ಯಾಸ

ಓದಿ ಉತ್ತರ ಬರೆಯಿರಿ
1. ರಂಗಮ್ಮ ಯಾವ ಅಂಕಿ ನೋಡಿ ಪೆನ್ನು ನಿಲ್ಲಿಸಿದರು?
2. ಮೂರು ವರ್ಷದ ಪ್ಯಾಕೇಜ್ ಒಂದು ವರ್ಷಕ್ಕೇ ಏಕೆ ಮುಗಿಯುತ್ತಿತ್ತು?
3. ನರ್ಸ್ ಪ್ಯಾಕೇಜ್ ಕೊಂಡದ್ದು ಸರಿ. ಏಕೆ?

ಬಿಟ್ಟ ಜಾಗ ತುಂಬಿ
1. 3 ವರ್ಷ ಅಥವಾ 30,000 ಕಿಲೋಮೀಟರ್, ಯಾವುದು ______ ಆಗುತ್ತದೋ ಅಲ್ಲಿಗೆ ಮುಗಿಯಿತು.
2. ______ ಮಾಡಿಸಲೇಬೇಕು. ಸರ್ವಿಸ್ ಪ್ಯಾಕೇಜ್ ______ ಅಲ್ಲ.
3. ಗ್ರಾಹಕ ಸಹಾಯವಾಣಿ ನಂಬರ್ ______.

ಲೆಕ್ಕ ಮಾಡಿ
ಲಕ್ಷ್ಮಮ್ಮನ ಮನೆಯಲ್ಲಿ ನೀರು ಶುದ್ಧ ಮಾಡುವ ಯಂತ್ರ ಇದೆ. ಒಂದು ವರ್ಷದ ಸರ್ವಿಸ್‌ಗೆ ಮುಂಗಡ 3,000 ರೂಪಾಯಿ ಕೇಳುತ್ತಾರೆ. ಅದರಲ್ಲಿ ಎರಡು ಸರ್ವಿಸ್, ಒಂದು ಫಿಲ್ಟರ್ ಸೇರಿದೆ. ಬಿಡಿಯಾಗಿ ಕೊಟ್ಟರೆ ಒಂದು ಸರ್ವಿಸ್‌ಗೆ 500, ಫಿಲ್ಟರ್‌ಗೆ 1,000 ರೂಪಾಯಿ. ಮುಂಗಡ ಕಟ್ಟಿದರೆ ಲಕ್ಷ್ಮಮ್ಮನಿಗೆ ಲಾಭವೋ, ನಷ್ಟವೋ? ಎಷ್ಟು?

ಗುಂಪಿನಲ್ಲಿ ಮಾತಾಡಿ
ಓದದೆ ಸಹಿ ಹಾಕಿ ಕಷ್ಟಕ್ಕೆ ಬಿದ್ದವರು ನಿಮ್ಮ ಊರಿನಲ್ಲಿ ಇದ್ದಾರೆಯೇ? ಅವರು ಆಗ ಏನು ಕೇಳಬೇಕಿತ್ತು? ಮನೆಯಲ್ಲಿರುವ ಒಂದು ಬಿಲ್ಲು ಅಥವಾ ವಾರಂಟಿ ಕಾರ್ಡು ನಾಳೆ ಕೇಂದ್ರಕ್ಕೆ ತನ್ನಿ. ಅದರಲ್ಲಿರುವ ಅಂಕಿಗಳನ್ನು ಎಲ್ಲರೂ ಸೇರಿ ಓದಿ.